ಮತದಾರರ ಪಟ್ಟಿ ಮೊದಲು, ಮತಪೆಟ್ಟಿಗೆ ಆಮೇಲೆ

ಮಾನ್ಯ ಸಂಪಾದಕರೇ,

ದೇವಸ್ಥಾನವೊಂದರ ಧರ್ಮದರ್ಶಿಗಳ ಚುನಾವಣೆ ನ್ಯಾಯಾಲಯದ ಮೆಟ್ಟಿಲೇರಿದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮೇಲಿಂದ ಮೇಲೆ ಬರುತ್ತಿರುತ್ತದೆ. ಎರಡು ಬಣಗಳ ಪರಸ್ಪರ ಆರೋಪ, ತಡೆಯಾಜ್ಞೆ ಬಂದ ತಾರೀಖು, ಬಂದೋಬಸ್ತಿಗೆ ನಿಂತ ಪೊಲೀಸರ ಚಿತ್ರ, ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಇದು ಹುಂಡಿಯ ಮೇಲೆ ಕಣ್ಣಿಟ್ಟವರ ಕಚ್ಚಾಟ ಎಂದು ಓದಿದವರಿಗೆ ಅನ್ನಿಸಿದರೆ ಅದು ಅವರ ತಪ್ಪೇನಲ್ಲ. ಸಿವಿಲ್ ನ್ಯಾಯಾಲಯದ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದ ನಾನು ಇಂಥ ದಾವೆಗಳ ಕಡತಗಳನ್ನು ಕಟ್ಟಿ ಬಿಚ್ಚಿದವನು. ನಿವೃತ್ತಿಯ ಬಳಿಕ ಒಂದು ದೇವಸ್ಥಾನದ ಚುನಾವಣಾಧಿಕಾರಿಯಾಗಿ ಕೂತು ಅದೇ ಜಗಳವನ್ನು ಒಳಗಿನಿಂದಲೂ ಕಂಡವನು. ಕರಾವಳಿಯಲ್ಲಿ ಮೊಕ್ತೇಸರರು, ಹಳೆ ಮೈಸೂರಿನಲ್ಲಿ ಧರ್ಮದರ್ಶಿಗಳು, ಉತ್ತರ ಕರ್ನಾಟಕದಲ್ಲಿ ಪಂಚ ಕಮಿಟಿಯವರು ಎಂದು ಹೆಸರು ಬೇರೆಬೇರೆಯಾದರೂ ತಕರಾರಿನ ಬೇರು ಬಹುಮಟ್ಟಿಗೆ ಒಂದೇ ಕಡೆ ಇದೆ ಎಂಬುದು ನನ್ನ ಅನುಭವ. ಮತ ಎಣಿಕೆಯಲ್ಲಿ ಮೋಸವಾಯಿತು ಎಂಬ ದಾವೆ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ. ಮತ ಹಾಕಲು ಅರ್ಹರು ಯಾರು ಎಂಬ ಪಟ್ಟಿಯಲ್ಲಿಯೇ ಜಗಳ ಹುಟ್ಟುತ್ತದೆ. ಆ ಪಟ್ಟಿಯ ತಕರಾರನ್ನು ಮತದಾನಕ್ಕೆ ಮೊದಲೇ ತೀರಿಸಿಕೊಡುವ ಒಂದು ಕಟ್ಟೆ ನಮ್ಮ ಕಾನೂನಿನಲ್ಲಿ ಇಲ್ಲದಿರುವುದರಿಂದ ಅದು ಬೆಳೆಯುತ್ತದೆ. ಈ ಪತ್ರ ಅದನ್ನು ಕುರಿತದ್ದು.

ನಾನು ಚುನಾವಣಾಧಿಕಾರಿಯಾಗಿದ್ದ ದೇವಸ್ಥಾನದ ಹೆಸರು ಇಲ್ಲಿ ಬೇಡ. ಅದರ ದಾವೆ ಇನ್ನೂ ನಡೆಯುತ್ತಿದೆ. ಹಿಂದೊಮ್ಮೆ ಜಿಲ್ಲಾ ನ್ಯಾಯಾಲಯ ರೂಪಿಸಿಕೊಟ್ಟ ಯೋಜನೆಯ ಪ್ರಕಾರ ಅದರ ಆಡಳಿತ ನಡೆಯುತ್ತದೆ. ವಕೀಲರು ಇದನ್ನು ಸ್ಕೀಮ್ ಡಿಕ್ರಿ ಎನ್ನುತ್ತಾರೆ. ದೇವಸ್ಥಾನಕ್ಕೆ ವಾಡಿಕೆಯಂತೆ ವಂತಿಗೆ ಸಲ್ಲಿಸುತ್ತಿರುವ ಭಕ್ತಾದಿಗಳು ಮೂರು ವರ್ಷಕ್ಕೊಮ್ಮೆ ಧರ್ಮದರ್ಶಿಗಳನ್ನು ಆರಿಸತಕ್ಕದ್ದು ಎಂದು ಅದರಲ್ಲಿ ಒಂದೇ ಒಂದು ವಾಕ್ಯವಿದೆ. ಬರೆದವರಿಗೆ ಆ ವಾಕ್ಯದಲ್ಲಿ ಗೊಂದಲವೇನೂ ಕಂಡಿರಲಾರದು. ಆಗ ಭಕ್ತಾದಿಗಳೆಂದರೆ ಸುತ್ತಲಿನ ಕೆಲವು ಬೀದಿಗಳ ಮನೆಯವರು. ಯಾರು ವಂತಿಗೆ ಕೊಡುತ್ತಾರೆ, ಯಾರು ಬಾಕಿ ಉಳಿಸಿಕೊಂಡಿದ್ದಾರೆ ಎಂಬುದು ಪೂಜೆಗೆ ಬಂದವರಿಗೆಲ್ಲ ಗೊತ್ತಿದ್ದ ಸಂಗತಿ. ನನ್ನ ಕಾಲಕ್ಕೆ ಪಟ್ಟಿ ತಯಾರಿಸಲು ನನ್ನ ಮೇಜಿಗೆ ಬಂದದ್ದು ರಟ್ಟು ಕಿತ್ತುಹೋದ ಮೂರು ವಂತಿಗೆ ಪುಸ್ತಕಗಳು, ಒಂದು ಗೋಣಿಚೀಲದ ತುಂಬ ರಸೀದಿಗಳ ಕೌಂಟರ್‌ಫಾಯಿಲ್‌ಗಳು.

ಪುಸ್ತಕ ತೆರೆದ ಮೊದಲ ದಿನವೇ ತೊಡಕು ಕಾಣಿಸಿತು. ಹೆಚ್ಚಿನ ನಮೂದುಗಳಲ್ಲಿ ಯಜಮಾನರ ಹೆಸರು ಬರೆದು ಮುಂದೆ ‘ಮತ್ತು ಕುಟುಂಬ’ ಎಂದು ಸೇರಿಸಲಾಗಿತ್ತು. ಹಾಗಾದರೆ ಮತ ಯಜಮಾನರದ್ದು ಒಂದೆಯೋ, ಮನೆಯಲ್ಲಿರುವ ವಯಸ್ಕರೆಲ್ಲರದ್ದೋ? ಮನೆ ಭಾಗವಾಗಿ ಅಣ್ಣತಮ್ಮಂದಿರು ಬೇರೆಬೇರೆ ಒಲೆ ಹೂಡಿದ್ದರೆ ಕುಟುಂಬ ಎಂದರೆ ಯಾವುದು? ಮದುವೆಯಾಗಿ ಹೋದ ಮಗಳು ತವರಿನ ಕುಟುಂಬದಲ್ಲಿ ಸೇರುತ್ತಾಳೋ ಇಲ್ಲವೋ? ಒಬ್ಬ ವಿಧವೆ ಪತಿ ತೀರಿಕೊಂಡ ಮೇಲೂ ಪ್ರತಿವರ್ಷ ತಪ್ಪದೆ ವಂತಿಗೆ ಕಟ್ಟುತ್ತ ಬಂದಿದ್ದರು. ಗುಮಾಸ್ತರು ಹಳೆಯ ಪುಟ ನೋಡಿ ಅದೇ ಹೆಸರಿಗೆ ರಸೀದಿ ಹರಿಯುತ್ತ ಹೋಗಿದ್ದರಿಂದ, ದಾಖಲೆಯ ಪ್ರಕಾರ ಮತದಾರರು ತೀರಿಕೊಂಡ ಪತಿಯೇ ಹೊರತು ದುಡ್ಡು ಕೊಟ್ಟ ಪತ್ನಿಯಲ್ಲ. ‘ನಾನು ಕೊಟ್ಟದ್ದಕ್ಕೆ ಲೆಕ್ಕವಿಲ್ಲವೇನಪ್ಪಾ’ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವರ ಹೆಸರನ್ನು ಸೇರಿಸಿದೆ. ಎದುರು ಬಣದವರು ಅದಕ್ಕೂ ಲಿಖಿತ ಆಕ್ಷೇಪಣೆ ಕೊಟ್ಟರು.

ಇನ್ನೊಂದು ತೊಡಕು ಅಷ್ಟು ಮುಗ್ಧವಾದದ್ದಾಗಿರಲಿಲ್ಲ. ಪಟ್ಟಿಯನ್ನು ಮುಚ್ಚುವ ಕೊನೆಯ ದಿನಾಂಕ ಯಾವುದೆಂದು ಯೋಜನೆಯಲ್ಲಿ ಹೇಳಿರಲಿಲ್ಲ. ಚುನಾವಣೆಯ ಪ್ರಕಟಣೆ ಹೊರಬಿದ್ದ ವಾರದಲ್ಲಿ ಹೊಸ ರಸೀದಿ ಪುಸ್ತಕಗಳು ಒಂದಾದ ಮೇಲೊಂದು ಖಾಲಿಯಾದವು. ಒಂದೇ ದಿನಾಂಕ, ಒಂದೇ ಶಾಯಿ, ಒಂದೇ ಕೈಬರಹ. ಹಣ ಬ್ಯಾಂಕಿಗೆ ಜಮೆಯಾದದ್ದು ಒಟ್ಟು ಮೊತ್ತವಾಗಿ, ಒಂದೇ ಚಲನ್ನಿನಲ್ಲಿ. ಇವರೆಲ್ಲ ವಾಡಿಕೆಯಂತೆ ವಂತಿಗೆ ಸಲ್ಲಿಸುತ್ತಿರುವವರೇ? ಹಾಲಿ ಮಂಡಳಿಯವರು ಹೌದೆಂದರು, ಎದುರಿನವರು ಖಂಡಿತ ಅಲ್ಲವೆಂದರು. ಇಬ್ಬರೂ ತಮಗೆ ಅನುಕೂಲವಾದ ಕಡೆ ಶಬ್ದಾರ್ಥ ಮಾಡಿದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ವಾಕ್ಯವೇ ಎರಡೂ ಅರ್ಥಕ್ಕೆ ಎಡೆಮಾಡಿಕೊಟ್ಟಿತ್ತು ಎಂಬುದೂ ನಿಜ. ಮತದಾನದ ದಿನ ಬೆಳಿಗ್ಗೆ ಸಾಲು ಹೊರಬಾಗಿಲಿನವರೆಗೆ ನಿಂತಿದ್ದಾಗ ನ್ಯಾಯಾಲಯದ ಅಮೀನರು ಬಂದು ಮಧ್ಯಂತರ ತಡೆಯಾಜ್ಞೆಯ ಪ್ರತಿಯನ್ನು ನನ್ನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು. ಅಷ್ಟರಲ್ಲಿ ಪೆಟ್ಟಿಗೆಗೆ ಬಿದ್ದಿದ್ದ ಮತಗಳು ಅರಗಿನ ಮುದ್ರೆಯೊಂದಿಗೆ ಹಾಗೆಯೇ ಇವೆ.

ಇಂಥ ತಕರಾರನ್ನು ಹೊತ್ತ ಭಕ್ತ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನಮ್ಮಲ್ಲಿ ಒಂದೇ ಉತ್ತರವಿಲ್ಲ. ಆತ ಯಾವ ಬಾಗಿಲು ತಟ್ಟಬೇಕೆಂಬುದು ಸಂಸ್ಥೆ ಯಾವ ಕಾನೂನಿನ ಅಡಿಯಲ್ಲಿ ಹುಟ್ಟಿತು ಎಂಬುದರ ಮೇಲೆ ನಿಂತಿದೆ. ಏಕೀಕರಣದ ನಂತರವೂ ಬಹುಕಾಲ ನಮ್ಮ ರಾಜ್ಯದಲ್ಲಿ ದೇವಸ್ಥಾನಗಳಿಗೆ ಪ್ರದೇಶಕ್ಕೊಂದು ಕಾನೂನಿತ್ತು: ಹಳೆ ಮೈಸೂರಿಗೆ 1927ರ ಕಾಯ್ದೆ, ದಕ್ಷಿಣ ಕನ್ನಡದ ಕಡೆಗೆ 1951ರ ಮದ್ರಾಸ್ ಕಾಯ್ದೆ, ಮುಂಬಯಿ ಕರ್ನಾಟಕಕ್ಕೆ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ, ಹೈದರಾಬಾದ್ ಕರ್ನಾಟಕಕ್ಕೆ ನಿಜಾಮರ ಕಾಲದ ನಿಬಂಧನೆ, ಕೊಡಗಿಗೆ 1956ರ ಅದರದ್ದೇ ಕಾಯ್ದೆ. ಇವನ್ನೆಲ್ಲ ಒಟ್ಟುಗೂಡಿಸಲೆಂದು ಬಂದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಜಾರಿಯಾದದ್ದು 2003ರ ಮೇ 1ರಂದು. 2006ರಲ್ಲಿ ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿತು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು, 2011ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಆ ಕಾಯ್ದೆಯ ವ್ಯಾಪ್ತಿಯಲ್ಲಿ ಮುಜರಾಯಿ ಇಲಾಖೆಗೆ ಸೇರಿದ ಸುಮಾರು 34,500 ದೇವಸ್ಥಾನಗಳಿವೆ. ಅಲ್ಲಿ ಒಂಬತ್ತು ಮಂದಿಯ ವ್ಯವಸ್ಥಾಪನಾ ಸಮಿತಿಯನ್ನು ಅರ್ಜಿ ಕರೆದು ನೇಮಿಸಲಾಗುತ್ತದೆ. ಭಕ್ತರು ಮತ ಹಾಕುವ ಪದ್ಧತಿ ಇಲ್ಲ. ಅಲ್ಲಿನ ತಕರಾರು ನೇಮಕಾತಿ ಆದೇಶದ ವಿರುದ್ಧದ ರಿಟ್ ಅರ್ಜಿಯಾಗಿ ಹೈಕೋರ್ಟಿಗೆ ಹೋಗುತ್ತದೆ, ಅದು ಬೇರೆಯೇ ಕಥೆ. ಮಠಗಳಿಗೆ, ಮಠಕ್ಕೆ ಸೇರಿದ ದೇವಸ್ಥಾನಗಳಿಗೆ ಮತ್ತು ಒಂದು ಧಾರ್ಮಿಕ ಪಂಗಡ ಸ್ಥಾಪಿಸಿ ನಡೆಸುತ್ತಿರುವ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಚುನಾವಣೆ ಎಂಬ ಸಂಪ್ರದಾಯ ಹೆಚ್ಚಾಗಿ ಉಳಿದಿರುವುದು ಕಾಯ್ದೆಯ ಹೊರಗಿರುವ ಇಂಥ ಸಂಸ್ಥೆಗಳಲ್ಲಿ. ಹಾಗೆಯೇ ನೋಂದಾಯಿತ ಸಂಘ ಅಥವಾ ಟ್ರಸ್ಟಿನ ರೂಪದಲ್ಲಿರುವ ಹೊಸ ದೇವಸ್ಥಾನಗಳಲ್ಲಿ.

ಸಂಘವಾಗಿ ನೋಂದಣಿಯಾಗಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜಗಳವಿದ್ದಾಗ ಒಂದೇ ಸಂಘದಿಂದ ಎರಡು ಪಟ್ಟಿ ಬರುತ್ತವೆ, ಎರಡಕ್ಕೂ ಸರ್ವಸದಸ್ಯರ ಸಭೆಯ ಠರಾವು ಲಗತ್ತಾಗಿರುತ್ತದೆ. ನೋಂದಣಾಧಿಕಾರಿ ಪಟ್ಟಿಯನ್ನು ದಾಖಲೆಗೆ ತೆಗೆದುಕೊಳ್ಳುವವರೇ ವಿನಾ ಗೆದ್ದವರು ಯಾರೆಂದು ತೀರ್ಪು ಕೊಡುವ ನ್ಯಾಯಾಧೀಶರಲ್ಲ. ಸಿವಿಲ್ ಕೋರ್ಟಿಗೆ ಹೋಗಿ ಎಂದು ಹಿಂಬರಹ ಕೊಡುತ್ತಾರೆ. ಇನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿಕೊಂಡ ದೇವಸ್ಥಾನಗಳವರು ತಮಗೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಅನ್ವಯಿಸುತ್ತದೆ ಎಂದು ನಂಬಿಕೊಂಡಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸಾರ್ವಜನಿಕ ಧಾರ್ಮಿಕ ದತ್ತಿಗಳನ್ನು ಆ ಕಾಯ್ದೆಯ ಮೊದಲ ಕಲಮೇ ಹೊರಗಿಟ್ಟಿದೆ.

ಕೊನೆಗೆ ಉಳಿಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು. ಅಡ್ವೊಕೇಟ್ ಜನರಲ್ ಅಥವಾ ಸಾರ್ವಜನಿಕ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಇಲ್ಲವೇ ಹೆಚ್ಚು ಮಂದಿ, ನ್ಯಾಯಾಲಯದ ಅನುಮತಿ ಪಡೆದು, ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಧರ್ಮದರ್ಶಿಯನ್ನು ತೆಗೆಯುವುದು, ಹೊಸಬರನ್ನು ನೇಮಿಸುವುದು, ಲೆಕ್ಕ ಒಪ್ಪಿಸುವಂತೆ ಆದೇಶಿಸುವುದು, ಆಡಳಿತದ ಯೋಜನೆ ರೂಪಿಸುವುದು, ಇಷ್ಟಕ್ಕೂ ಅಲ್ಲಿ ಅವಕಾಶವಿದೆ. ಇಬ್ಬರು ಭಕ್ತರು ದಾವೆ ಹೂಡಲು ಹಿಂದೆ ಅಡ್ವೊಕೇಟ್ ಜನರಲ್ ಅವರ ಲಿಖಿತ ಸಮ್ಮತಿ ಬೇಕಿತ್ತು. 1976ರ ತಿದ್ದುಪಡಿ ಅದರ ಜಾಗದಲ್ಲಿ ನ್ಯಾಯಾಲಯದ ಅನುಮತಿಯನ್ನು ತಂದಿತು. ಆದರೆ ಈ ಕಲಮು ಸಾರ್ವಜನಿಕ ಹಿತಕ್ಕಾಗಿ ಹೂಡುವ ದಾವೆಗೆ ಮೀಸಲು. ದಾವೆಯ ಹುರುಳು ವೈಯಕ್ತಿಕ ಹಕ್ಕಿನ ಸ್ಥಾಪನೆಯಾಗಿದ್ದರೆ ಅದು 92ರ ಅಡಿಯಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1974ರಲ್ಲಿಯೇ ಹೇಳಿದೆ. ಧರ್ಮದರ್ಶಿಗಳ ಚುನಾವಣೆಯ ತಕರಾರಿನಲ್ಲಿ ‘ನಾನೇ ಗೆದ್ದವನು’ ಎಂಬ ವೈಯಕ್ತಿಕ ಮಾತೂ ‘ಪಟ್ಟಿಯೇ ಅಕ್ರಮ’ ಎಂಬ ಸಾರ್ವಜನಿಕ ಮಾತೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹಾಗಾಗಿ ದಾವೆ ಯಾವ ಬಗೆಯದು, ಯಾವ ನ್ಯಾಯಾಲಯದಲ್ಲಿ ನಡೆಯಬೇಕು ಎಂಬ ಪ್ರಾಥಮಿಕ ಪ್ರಶ್ನೆಯೇ ಮೇಲಿನ ನ್ಯಾಯಾಲಯದವರೆಗೆ ಹೋಗಿ ಬರುತ್ತದೆ. ಅಷ್ಟರಲ್ಲಿ ಮೂರು ವರ್ಷದ ಅವಧಿ ಮುಗಿದಿರುತ್ತದೆ.

ಇದರ ಮಧ್ಯೆ ದೇವರನ್ನೂ ಕಕ್ಷಿದಾರನನ್ನಾಗಿ ಮಾಡುವ ವಾಡಿಕೆಯಿದೆ. ಕಾನೂನಿನ ಕಣ್ಣಿನಲ್ಲಿ ಪ್ರತಿಷ್ಠಾಪಿತ ದೇವರು ಆಸ್ತಿ ಹೊಂದಬಲ್ಲ ವ್ಯಕ್ತಿ, ಆದರೆ ಎಂದಿಗೂ ಮೈನರ್. ನೋಡಿಕೊಳ್ಳಬೇಕಾದವರೇ ದೇವರ ಹಿತಕ್ಕೆ ವಿರುದ್ಧವಾಗಿ ನಡೆದಾಗ ಭಕ್ತನೊಬ್ಬ ದೇವರ ಪರವಾಗಿ ದಾವೆ ಹೂಡಬಹುದೆಂದು 1967ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ನಿಜವಾಗಿ ದಿಕ್ಕಿಲ್ಲದ ದೇವಸ್ಥಾನಗಳ ಆಸ್ತಿ ಉಳಿಸಲು ಇದು ದೊಡ್ಡ ಆಸರೆ. ಆದರೆ ಚುನಾವಣೆಯ ಜಗಳದಲ್ಲಿ ಒಂದೇ ದೇವರು ಒಂದು ದಾವೆಯಲ್ಲಿ ವಾದಿಯಾಗಿಯೂ ಇನ್ನೊಂದರಲ್ಲಿ ಪ್ರತಿವಾದಿಯಾಗಿಯೂ ನಿಂತ ಕಡತಗಳನ್ನು ನಾನು ಒಂದೇ ದಾರದಲ್ಲಿ ಕಟ್ಟಿದ್ದೇನೆ.

ತಡವಾಗುವುದಕ್ಕೆ ನ್ಯಾಯಾಲಯಗಳನ್ನು ದೂರುವುದು ಸುಲಭ, ಮತ್ತು ಅದರಲ್ಲಿ ನಿಜವೂ ಇದೆ. ಎದುರು ಪಕ್ಷದ ಮಾತು ಕೇಳದೆ ಕೊಟ್ಟ ತಡೆಯಾಜ್ಞೆಯ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 3ಎ ನಿಯಮ ಹೇಳುತ್ತದೆ. ಆ ಗಡುವು ಪಾಲನೆಯಾದದ್ದಕ್ಕಿಂತ ಮೀರಿಹೋದದ್ದನ್ನೇ ನಾನು ಹೆಚ್ಚು ಬಾರಿ ಕಂಡಿದ್ದೇನೆ. ಚುನಾವಣೆ ಸಮೀಪಿಸಿತೆಂದರೆ ಎರಡೂ ಕಡೆಯವರು ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ, ಹಾಕಿಡುತ್ತಾರೆ; ಅದು 90 ದಿನ ಊರ್ಜಿತ. ಇಷ್ಟೆಲ್ಲ ಇದ್ದರೂ ವಿಳಂಬದ ಮೂಲವನ್ನು ನಾನು ನ್ಯಾಯಾಲಯದ ಆವರಣದಲ್ಲಿ ಹುಡುಕುವುದಿಲ್ಲ, ದೇವಸ್ಥಾನಗಳ ನಿಯಮಾವಳಿಯಲ್ಲಿ ಹುಡುಕುತ್ತೇನೆ. ಬಹುತೇಕ ಎಲ್ಲ ನಿಯಮಾವಳಿಗಳಲ್ಲೂ ‘ಹೊಸ ಮಂಡಳಿ ಅಧಿಕಾರ ವಹಿಸಿಕೊಳ್ಳುವವರೆಗೆ ಹಾಲಿ ಮಂಡಳಿಯೇ ಮುಂದುವರಿಯತಕ್ಕದ್ದು’ ಎಂಬ ಒಂದು ಸಾಲು ಇರುತ್ತದೆ. ದೀಪ ನಂದದಿರಲಿ ಎಂಬ ಸದುದ್ದೇಶದಿಂದ ಬರೆದ ಸಾಲು ಅದು. ಆದರೆ ಈ ಸಾಲು ಇರುವವರೆಗೆ ಚುನಾವಣೆ ನಿಂತಷ್ಟೂ ಲಾಭ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಾಲಿ ಮಂಡಳಿಯವರು ತಾವೇ ಬಂದು ದಾವೆ ಹೂಡಬೇಕಾಗಿಲ್ಲ; ತಮ್ಮ ಕಡೆಯ ಒಬ್ಬ ಸಾಮಾನ್ಯ ಸದಸ್ಯನಿಂದ ಪಟ್ಟಿಯ ಮೇಲೆ ತಕರಾರು ಎತ್ತಿಸಿದರೆ ಸಾಕು. ಮೂರು ವರ್ಷಕ್ಕೆ ಆರಿಸಿ ಬಂದ ಮಂಡಳಿ ಹನ್ನೊಂದು ವರ್ಷ ಕುಳಿತದ್ದನ್ನು ನಾನು ನೋಡಿದ್ದೇನೆ, ಅದರಲ್ಲಿ ಎಂಟು ವರ್ಷ ತಡೆಯಾಜ್ಞೆಯ ನೆರಳಿನಲ್ಲಿ.

ಈ ಅವಧಿಯಲ್ಲಿ ದೇವಸ್ಥಾನದ ಪಾಡೇನು ಎಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ಎರಡು ಠರಾವುಗಳು ಬ್ಯಾಂಕಿಗೆ ಹೋದ ದಿನವೇ ವ್ಯವಸ್ಥಾಪಕರು ಖಾತೆಯ ವಹಿವಾಟು ನಿಲ್ಲಿಸಿ ನ್ಯಾಯಾಲಯದ ಆದೇಶ ತನ್ನಿ ಎನ್ನುತ್ತಾರೆ, ಅವರಿಗೆ ಬೇರೆ ದಾರಿಯೂ ಇಲ್ಲ. ಅರ್ಚಕರ, ಪರಿಚಾರಕರ ಸಂಬಳ ನಿಲ್ಲುತ್ತದೆ. ಹುಂಡಿಗೆ ಎರಡು ಬೀಗ ಬೀಳುತ್ತವೆ, ಒಂದೊಂದು ಕೀಲಿಕೈ ಒಂದೊಂದು ಬಣದ ಬಳಿ. ಇದಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಗುತ್ತದೆ. ದೇವಸ್ಥಾನದ ಜಮೀನನ್ನು ಒತ್ತುವರಿ ಮಾಡಿದವನ ಮೇಲೆ ದಾವೆ ಹೂಡಲು ಹೊರಟರೆ ಅವನ ವಕೀಲರ ಮೊದಲ ತಕರಾರು ‘ನೀವು ಧರ್ಮದರ್ಶಿಗಳೇ ಎಂಬುದು ಇನ್ನೂ ತೀರ್ಮಾನವಾಗಿಲ್ಲವಲ್ಲ, ದಾವೆ ಹೂಡಲು ನೀವು ಯಾರು’ ಎಂಬುದು. ಹತ್ತಾರು ವರ್ಷ ಬಾಡಿಗೆ ಏರಿಸದೆ ಮಳಿಗೆಯಲ್ಲಿ ಕುಳಿತ ಬಾಡಿಗೆದಾರನ ಉತ್ತರವೂ ಇದೇ. ಎರಡು ಬಣಗಳೂ ತಾವು ದೇವರ ಆಸ್ತಿ ಕಾಯಲು ಹೋರಾಡುತ್ತಿದ್ದೇವೆ ಎಂದು ಪ್ರಮಾಣಪತ್ರದಲ್ಲಿ ಬರೆಯುತ್ತವೆ. ಆಸ್ತಿಯನ್ನು ಅನುಭವಿಸುವವನು ದಾವೆಯಲ್ಲಿ ಪಕ್ಷಗಾರನೂ ಅಲ್ಲದ ಮೂರನೆಯವನು.

ದೇವಸ್ಥಾನಕ್ಕೆ ಚುನಾವಣೆಯೇ ಒಗ್ಗುವುದಿಲ್ಲ, ಹಿರಿಯರು ಕೂತು ಒಮ್ಮತದಿಂದ ಆರಿಸಿದರೆ ಈ ಗೋಜೇ ಇರುವುದಿಲ್ಲ ಎನ್ನುವವರಿದ್ದಾರೆ. ಚಿಕ್ಕ ದೇವಸ್ಥಾನಗಳ ಮಟ್ಟಿಗೆ ನನಗೂ ಅದು ಒಪ್ಪಿಗೆ. ಮತಪೆಟ್ಟಿಗೆ ಇಡಲೇಬೇಕೆಂಬ ಹಟ ಅಲ್ಲಿ ಬೇಡ. ಆದರೆ ಆದಾಯವೂ ಆಸ್ತಿಯೂ ಬೆಳೆದ ಕಡೆ ಒಮ್ಮತ ಎಂಬುದು ಕೆಲವೊಮ್ಮೆ ನಾಲ್ಕು ಮನೆಯವರ ಮಾತಿಗೆ ಉಳಿದವರ ಮೌನ. ಚುನಾವಣೆ ನಮ್ಮ ಕಾನೂನಿಗೆ ಹೊಸದೂ ಅಲ್ಲ. ಬ್ರಿಟಿಷ್ ಸರ್ಕಾರ ದೇವಸ್ಥಾನಗಳ ಉಸ್ತುವಾರಿಯಿಂದ ಕೈತೊಳೆದುಕೊಳ್ಳಲು ತಂದ 1863ರ ಧಾರ್ಮಿಕ ದತ್ತಿಗಳ ಕಾಯ್ದೆಯಲ್ಲೇ ಅದು ಇದೆ. ಆ ಕಾಯ್ದೆಯ ಪ್ರಕಾರ ದೇವಸ್ಥಾನಗಳ ಉಸ್ತುವಾರಿ ಸಮಿತಿಯ ಸದಸ್ಯತ್ವ ಜೀವಾವಧಿಯದು. ಸ್ಥಾನ ತೆರವಾದರೆ ಉಳಿದವರು ಬೇಗನೆ ಸಾರ್ವಜನಿಕ ಪ್ರಕಟಣೆ ಕೊಟ್ಟು, ಮೂರು ತಿಂಗಳು ಮೀರದಂತೆ ದಿನ ಗೊತ್ತುಮಾಡಿ, ಹಿತಾಸಕ್ತಿಯುಳ್ಳವರಿಂದ ಚುನಾವಣೆ ನಡೆಸಬೇಕು; ಅಷ್ಟರೊಳಗೆ ಸ್ಥಾನ ತುಂಬದಿದ್ದರೆ ಯಾರಾದರೂ ಅರ್ಜಿ ಹಾಕಿದಾಗ ಸಿವಿಲ್ ನ್ಯಾಯಾಲಯವೇ ನೇಮಿಸಬಹುದು. ನೂರ ಅರವತ್ತು ವರ್ಷದ ಹಿಂದಿನ ಆ ಕಾಯ್ದೆಗೆ ಇದ್ದ ಅವಸರ ನಮ್ಮ ಈಗಿನ ನಿಯಮಾವಳಿಗಳಿಗೆ ಇಲ್ಲ.

ಚುನಾವಣೆ ಬೇಡವೆಂದರೆ ಉಳಿಯುವ ದಾರಿ ಸರ್ಕಾರದ ನೇಮಕ. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯ ಏರ್ಪಾಡು ಈ ವಿಷಯದಲ್ಲಿ ಕುತೂಹಲಕರ: 1950ರ ಕಾಯ್ದೆಯಂತೆ ಮೂವರು ಸದಸ್ಯರಲ್ಲಿ ಇಬ್ಬರನ್ನು ಮಂತ್ರಿಮಂಡಲದ ಹಿಂದೂ ಸಚಿವರು ಹೆಸರಿಸುತ್ತಾರೆ, ಒಬ್ಬರನ್ನು ವಿಧಾನಸಭೆಯ ಹಿಂದೂ ಸದಸ್ಯರು ಚುನಾಯಿಸುತ್ತಾರೆ. ಮತದಾರರ ಪಟ್ಟಿಯ ಜಗಳಕ್ಕೆ ಅಲ್ಲಿ ಜಾಗವಿಲ್ಲ, ನಿಜ. ಆದರೆ ದೇವಸ್ಥಾನದ ಆಡಳಿತ ಪಕ್ಷ ರಾಜಕೀಯದ ಮಡಿಲಿಗೆ ಬಿತ್ತು ಎಂಬ ದೂರಿಗೆ ಜಾಗವುಂಟು. ಆಡಳಿತಾಧಿಕಾರಿಯನ್ನು ತಂದು ಕೂರಿಸುವುದು ಮತ್ತೊಂದು ದಾರಿ. ಎರಡು ಬಣ ಕಿತ್ತಾಡುವಾಗ ತಾತ್ಕಾಲಿಕವಾಗಿ ಅದು ಬೇಕಾಗುತ್ತದೆ, ಆದರೆ ತಾತ್ಕಾಲಿಕ ಎಂಬ ಶಬ್ದಕ್ಕೆ ಕೊನೆಯಿರಬೇಕು. ಚಿದಂಬರಂ ನಟರಾಜ ದೇವಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ಇದನ್ನೇ: ದುರಾಡಳಿತ ಸರಿಪಡಿಸಲು ಆಡಳಿತ ವಹಿಸಿಕೊಳ್ಳಬಹುದು, ಸರಿಯಾದ ಮೇಲೆ ಹಿಂದಿರುಗಿಸಬೇಕು, ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ.

ಮತದಾರರು ಯಾರೆಂಬ ಪ್ರಶ್ನೆಗೆ ಪಂಗಡದ ಪ್ರಶ್ನೆ ಬೆರೆತಾಗ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಉಡುಪಿಯ ಶಿರೂರು ಮಠದ 1954ರ ಪ್ರಕರಣದಿಂದ ಈಚೆಗೆ ತತ್ತ್ವ ಸ್ಪಷ್ಟವಿದೆ. ಸಂವಿಧಾನದ 26ನೇ ವಿಧಿಯ ಪ್ರಕಾರ ಪಂಗಡಕ್ಕೆ ತನ್ನ ಆಸ್ತಿಯನ್ನು ಕಾನೂನಿಗೆ ಅನುಸಾರವಾಗಿ ನಿರ್ವಹಿಸುವ ಹಕ್ಕಿದೆ. ಕಾನೂನು ಆ ನಿರ್ವಹಣೆಯನ್ನು ನಿಯಂತ್ರಿಸಬಹುದು, ಪೂರ್ತಿ ಕಿತ್ತುಕೊಳ್ಳಬಾರದು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ 1957ರ ತೀರ್ಪಿನಲ್ಲಿ ಅದು ಗೌಡ ಸಾರಸ್ವತ ಪಂಗಡದ ದೇವಸ್ಥಾನವೆಂದು ಒಪ್ಪಿದ ನ್ಯಾಯಾಲಯ, ಒಳಗೆ ಬಂದು ದರ್ಶನ ಪಡೆಯುವ ಹಕ್ಕು ಹಿಂದೂಗಳೆಲ್ಲರಿಗೂ ಇದೆಯೆಂದು ಹೇಳಿತು. ಈ ಎರಡನ್ನೂ ಕೂಡಿಸಿ ಓದಿದರೆ ದರ್ಶನದ ಹಕ್ಕು ಬೇರೆ, ಆಡಳಿತದಲ್ಲಿ ಮತದ ಹಕ್ಕು ಬೇರೆ ಎಂಬುದು ತಿಳಿಯುತ್ತದೆ. ದಾವೆಗಳಲ್ಲಿ ಇವನ್ನು ಬೇಕೆಂದೇ ಕಲಸಿಬಿಡುತ್ತಾರೆ. ಪಂಗಡದ ಸದಸ್ಯರಿಗಷ್ಟೇ ಮತ ಎಂದು ನಿಯಮಾವಳಿ ಹೇಳಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಪಂಗಡದ ಹೊರಗೆ ಮದುವೆಯಾದವರು, ಅವರ ಮಕ್ಕಳು ಸದಸ್ಯರೋ ಅಲ್ಲವೋ ಎಂಬುದನ್ನೂ ಅದೇ ನಿಯಮಾವಳಿ ಬಾಯಿಬಿಟ್ಟು ಹೇಳಬೇಕು. ಹೇಳದೆ ಬಿಟ್ಟದ್ದನ್ನು ಚುನಾವಣೆಯ ಹಿಂದಿನ ವಾರ ತೀರ್ಮಾನಿಸಲು ಹೋದರೆ ಅಲ್ಲಿ ತತ್ತ್ವ ಇರುವುದಿಲ್ಲ, ತಲೆ ಎಣಿಕೆ ಇರುತ್ತದೆ. ಸಿಖ್ಖರ 1925ರ ಗುರುದ್ವಾರ ಕಾಯ್ದೆಯಲ್ಲಿ ಶಾಸನಬದ್ಧ ಮತದಾರರ ಪಟ್ಟಿಯೇ ಇದೆ. ಅಲ್ಲಿಯೂ ಸಹಜಧಾರಿಗಳಿಗೆ (ಸಿಖ್ ಧರ್ಮವನ್ನು ನಂಬಿಯೂ ದೀಕ್ಷೆ ಪಡೆಯದವರಿಗೆ) ಮತವುಂಟೋ ಇಲ್ಲವೋ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿ, ಕೊನೆಗೆ 2016ರಲ್ಲಿ ಸಂಸತ್ತೇ ತಿದ್ದುಪಡಿ ತರಬೇಕಾಯಿತು. ಪಟ್ಟಿ ಇದ್ದ ಮಾತ್ರಕ್ಕೆ ಜಗಳ ಇಲ್ಲವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಜಗಳ ಯಾವುದರ ಬಗ್ಗೆ ಎಂಬುದಾದರೂ ಆಗ ಖಚಿತವಾಗುತ್ತದೆ.

ಇದು ನಮ್ಮ ದೇಶದ ನ್ಯಾಯಾಲಯಗಳಿಗೆ ಮಾತ್ರ ಅಂಟಿದ ತಲೆನೋವೂ ಅಲ್ಲ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿರುವ ಹೆಸರಾಂತ ಗಣೇಶ ದೇವಸ್ಥಾನದ ಟ್ರಸ್ಟಿಗಳ ಚುನಾವಣೆಯ ವಿವಾದ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ 2008ರಲ್ಲಿ ತೀರ್ಪು ಬಂತು. ಅಲ್ಲಿಯೂ ನಡುವೆ ನಿಂತ ಪ್ರಶ್ನೆಗಳು ಆರಂಭದ ನಿಯಮಾವಳಿ ನಡೆಯಬೇಕೋ ಆಮೇಲಿನದೋ, ಟ್ರಸ್ಟಿಗಳನ್ನು ಆರಿಸುವ ಹಕ್ಕುಳ್ಳ ಸದಸ್ಯವರ್ಗ ಒಂದಿದೆಯೋ ಇಲ್ಲವೋ ಎಂಬವು.

ನಾನು ಕೇಳುತ್ತಿರುವುದು ಹೊಸದಾಗಿ ಕಂಡುಹಿಡಿಯಬೇಕಾದ ಏರ್ಪಾಡಲ್ಲ. ವಿಧಾನಸಭೆಯ ಚುನಾವಣೆಗೆ ಮತದಾರರ ಪಟ್ಟಿಯ ಮೇಲಿನ ಆಕ್ಷೇಪಣೆಯನ್ನು ಮತದಾರರ ನೋಂದಣಾಧಿಕಾರಿ ಇತ್ಯರ್ಥಪಡಿಸುತ್ತಾರೆ, ಅವರ ಆದೇಶದ ಮೇಲೆ ಮೇಲ್ಮನವಿಯಿದೆ, ಆ ವಿಷಯದಲ್ಲಿ ಸಿವಿಲ್ ನ್ಯಾಯಾಲಯ ಕೈಹಾಕುವಂತಿಲ್ಲ ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 30ನೇ ಕಲಮು ಹೇಳುತ್ತದೆ. ಚುನಾವಣೆಯ ಪ್ರಕ್ರಿಯೆ ಆರಂಭವಾದ ಮೇಲೆ ನಡುವೆ ತಡೆಯುವಂತಿಲ್ಲ, ತಕರಾರು ಏನಿದ್ದರೂ ಫಲಿತಾಂಶದ ನಂತರ ಚುನಾವಣಾ ಅರ್ಜಿಯ ಮೂಲಕ ಬರಬೇಕು ಎಂದು 1952ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿತು. ಆ ಅರ್ಜಿಗೆ 45 ದಿನದ ಗಡುವು, ವಿಚಾರಣೆ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂಬ ನಿರ್ದೇಶನವೂ ಇದೆ. ಗ್ರಾಮ ಪಂಚಾಯಿತಿಯ ಒಂದು ಸ್ಥಾನಕ್ಕೂ 30 ದಿನದೊಳಗಿನ ಚುನಾವಣಾ ಅರ್ಜಿಯ ವ್ಯವಸ್ಥೆಯಿದೆ. ಎಕರೆಗಟ್ಟಲೆ ಆಸ್ತಿಯುಳ್ಳ ದೇವಸ್ಥಾನದ ಧರ್ಮದರ್ಶಿಗೆ ಮಾತ್ರ ಇದ್ಯಾವುದೂ ಇಲ್ಲ. ಸಂವಿಧಾನದ ಸಮವರ್ತಿ ಪಟ್ಟಿಯ 28ನೇ ನಮೂದು ಧಾರ್ಮಿಕ ದತ್ತಿಗಳು ಮತ್ತು ಸಂಸ್ಥೆಗಳ ಬಗ್ಗೆ ಕಾನೂನು ಮಾಡುವ ಅಧಿಕಾರವನ್ನು ರಾಜ್ಯಕ್ಕೂ ಕೊಟ್ಟಿದೆ. ನಿಯಮಾವಳಿಯಂತೆ ಚುನಾವಣೆ ನಡೆಯುವ ಎಲ್ಲ ಸಾರ್ವಜನಿಕ ಧಾರ್ಮಿಕ ಸಂಸ್ಥೆಗಳಿಗೆ, ಅವು ಸಂಘವಾಗಿರಲಿ ಟ್ರಸ್ಟ್ ಆಗಿರಲಿ ಸ್ಕೀಮ್ ಡಿಕ್ರಿಯವಾಗಿರಲಿ, ಪಟ್ಟಿಯ ಆಕ್ಷೇಪಣೆಗೆ ಒಂದು ಪ್ರಾಧಿಕಾರ, ಫಲಿತಾಂಶದ ತಕರಾರಿಗೆ ಗಡುವುಳ್ಳ ಒಂದೇ ಒಂದು ಅರ್ಜಿ, ಅವಧಿ ಮುಗಿದ ಹಾಲಿ ಮಂಡಳಿ ಮುಂದುವರಿಯಲು ಆರು ತಿಂಗಳ ಮಿತಿ, ಇಷ್ಟನ್ನು ಒಂದು ಚಿಕ್ಕ ಶಾಸನದಲ್ಲಿ ತರಬಹುದು. ಯಾರನ್ನು ಮತದಾರರೆನ್ನಬೇಕು ಎಂಬುದನ್ನು ಸರ್ಕಾರ ಹೇಳಬೇಕಿಲ್ಲ, ಹೇಳಲೂಬಾರದು. ಸಂಸ್ಥೆಯೇ ಹೇಳಿಕೊಳ್ಳಲಿ, ಆದರೆ ಬರವಣಿಗೆಯಲ್ಲಿ, ಮೊದಲೇ ಹೇಳಲಿ.

ಶಾಸನವೇಕೆ, ನಿಯಮಾವಳಿಯಲ್ಲಿ ಮಧ್ಯಸ್ಥಿಕೆಯ ಕಲಮು ಸೇರಿಸಿಕೊಂಡರೆ ಆಯಿತಲ್ಲ ಎಂದು ಕೆಲವು ವಕೀಲ ಮಿತ್ರರು ಸೂಚಿಸಿದರು. ಅದು ಅಷ್ಟು ಸರಳವಿಲ್ಲ. ಟ್ರಸ್ಟ್ ಪತ್ರದಿಂದ ಹುಟ್ಟುವ ವಿವಾದವನ್ನು ಆ ಪತ್ರದಲ್ಲಿರುವ ಮಧ್ಯಸ್ಥಿಕೆ ಕಲಮಿನ ಮೇಲೆ ಪಂಚರಿಗೆ ಒಪ್ಪಿಸಲಾಗದು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಒಂದು ಖಾಸಗಿ ಟ್ರಸ್ಟಿನ ವಿಷಯದಲ್ಲಿ ತೀರ್ಪು ಕೊಟ್ಟಿದೆ. ಸಾರ್ವಜನಿಕ ದತ್ತಿಯಲ್ಲಿ ಆ ಕಲಮನ್ನು ನೆಚ್ಚಿ ಕೂರಲು ನನಗಂತೂ ಧೈರ್ಯವಿಲ್ಲ.

ಶಾಸನ ಬರುವವರೆಗೆ ದೇವಸ್ಥಾನದವರೇ ಮಾಡಬಹುದಾದದ್ದೂ ಬಹಳವಿದೆ, ಅದಕ್ಕೆ ಖರ್ಚೂ ಇಲ್ಲ. ರಸೀದಿಯಲ್ಲಿ ‘ಮತ್ತು ಕುಟುಂಬ’ ಎಂದು ಬರೆಯುವುದನ್ನು ನಿಲ್ಲಿಸಿ ವಂತಿಗೆ ಕೊಟ್ಟವರ ಹೆಸರನ್ನೇ, ಹೆಂಗಸರಾದರೆ ಅವರದೇ ಹೆಸರನ್ನು, ಬರೆಯಲಿ. ಸದಸ್ಯರ ಪಟ್ಟಿಯನ್ನು ವರ್ಷಕ್ಕೊಮ್ಮೆ ನಿಗದಿತ ದಿನ ಸೂಚನಾ ಫಲಕದಲ್ಲಿ ಹಚ್ಚಲಿ. ತೀರಿಕೊಂಡವರನ್ನು ತೆಗೆದದ್ದು, ಹೊಸಬರನ್ನು ಸೇರಿಸಿದ್ದು ಎಲ್ಲರ ಕಣ್ಣೆದುರು ಆಗಲಿ. ಚುನಾವಣೆಗೆ ಆರು ತಿಂಗಳು ಮೊದಲು ಸೇರಿದವರಿಗಷ್ಟೇ ಮತ ಎಂಬ ಗೆರೆ ಎಳೆದುಬಿಟ್ಟರೆ ಕೊನೆಯ ವಾರದ ರಸೀದಿ ಪುಸ್ತಕಗಳಿಗೆ ಬೆಲೆಯೇ ಇರುವುದಿಲ್ಲ. ಸ್ಕೀಮ್ ಡಿಕ್ರಿಯ ದೇವಸ್ಥಾನಗಳಲ್ಲಿ ಇದಕ್ಕೆ ಜಿಲ್ಲಾ ನ್ಯಾಯಾಲಯದಿಂದ ಯೋಜನೆಯ ಮಾರ್ಪಾಡು ಪಡೆಯಬೇಕಾದೀತು. ಅದನ್ನು ಚುನಾವಣೆ ಇಲ್ಲದ ವರ್ಷದಲ್ಲಿ, ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿಲ್ಲದಾಗ, ಕೇಳಿದರೆ ಒಪ್ಪಿಗೆ ಸುಲಭ. ಪತ್ರಿಕೆಗಳಲ್ಲಿ ಸಣ್ಣ ಅಕ್ಷರದಲ್ಲಿ ಬರುವ ‘ಆದೇಶ 1 ನಿಯಮ 8’ರ ನ್ಯಾಯಾಲಯ ಪ್ರಕಟಣೆಗಳನ್ನು ಭಕ್ತರು ದಾಟಿಸಿಬಿಡುತ್ತಾರೆ. ನಿಮ್ಮೆಲ್ಲರ ಪರವಾಗಿ ಇಂಥವರು ದಾವೆ ಹೂಡಿದ್ದಾರೆ, ಸೇರುವವರು ಬನ್ನಿ ಎಂಬ ಕರೆ ಅದು. ತಾವು ಸುದ್ದಿಯಲ್ಲಿ ಬಣಗಳ ಹೆಸರಿನ ಜೊತೆಗೆ ದಾವೆ ಯಾವ ಪ್ರಶ್ನೆಯ ಮೇಲೆ ನಿಂತಿದೆ ಎಂಬ ಒಂದು ಸಾಲನ್ನೂ ಸೇರಿಸಿದರೆ ಓದುಗರಿಗೆ ಉಪಕಾರವಾದೀತು.

ನಾನು ಚುನಾವಣಾಧಿಕಾರಿಯಾಗಿದ್ದ ದೇವಸ್ಥಾನದಲ್ಲಿ ಕೆಲವು ಭಕ್ತರು ಯೋಜನೆಯ ಆ ಒಂದು ವಾಕ್ಯವನ್ನು ತಿದ್ದಿಸಲು ಅರ್ಜಿ ಹಾಕಿದ್ದಾರೆ. ಮಾತುಕತೆಗೆ ಕರೆದಾಗ ಎರಡೂ ಬಣದವರು ಒಪ್ಪಿದ್ದರು. ಅರ್ಜಿ ಕೂಗಿಸಿದ ದಿನ ಇಬ್ಬರ ವಕೀಲರೂ ಎದ್ದು ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಕೇಳಿದರು. ಪ್ರಕರಣ ಮುಂದಿನ ತಿಂಗಳಿಗೆ ಹೋಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿರಸ್ತೇದಾರ